ಹಿಂಭಾಗ ಕತ್ತರಿಸಿದ್ದು ಯಾರು

ಮಾರ್ಚ್ ೨, ಭಾನುವಾರ

ಇದನ್ನು ಬರೆಯದೆಯೇ ಬಿಡುತ್ತಿದ್ದೆ. ಮೊದಲು ಬರೆದ ಸಾಲು ಹೀಗಿತ್ತು: ಕೂದಲು ತುಂಬಾ ಉದುರುತ್ತಿತ್ತು, ಅದಕ್ಕೇ ಇವತ್ತು ಕತ್ತರಿಸಿಕೊಂಡೆ. ಇವರಿಗೂ ಅದನ್ನೇ ಹೇಳಿದ್ದೆ, ಅತ್ತೆಗೂ ಅದನ್ನೇ. ಬೇರೆ ಯಾರೂ ಓದದ ಪುಸ್ತಕದಲ್ಲೂ ಅದೇ ಸುಳ್ಳನ್ನು ದುಂಡಗೆ ಬರೆದು ಪೂರ್ಣವಿರಾಮ ಇಟ್ಟದ್ದನ್ನು ನೋಡಿ ನಾಚಿಕೆಯಾಯಿತು. ಹೊಡೆದುಹಾಕಿದ್ದೇನೆ. ಕೂದಲು ಉದುರುತ್ತಿರಲಿಲ್ಲ. ನಲವತ್ತನಾಲ್ಕರಲ್ಲೂ ಹೀಗೆ ದಟ್ಟವಾಗಿದೆಯಲ್ಲ ಎಂದು ಕಂಡವರೆಲ್ಲ ಹೊಗಳುತ್ತಿದ್ದ ಕೂದಲು ಅದು.

ನಿಜ ಇದು. ಕೆಲವು ತಿಂಗಳ ಹಿಂದೆ ಫೋನಿನಲ್ಲಿ ಒಂದು ಪುಟ ಕಣ್ಣಿಗೆ ಬಿತ್ತು. ಮನೆಯಲ್ಲೇ ತಮ್ಮ ಕೂದಲನ್ನು ತಾವೇ ಗಿಡ್ಡ ಮಾಡಿಕೊಂಡ ಹೆಂಗಸರು ಫೋಟೊ ಹಾಕುವ ಪುಟ. ಗಲ್ಲದವರೆಗೆ, ಕಿವಿಯವರೆಗೆ, ಕೆಲವರದು ಅದಕ್ಕೂ ಮೇಲೆ. ಕೆಳಗೆ ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ. ಗಂಡನ್ನೂ ಹೆಣ್ಣನ್ನೂ ಇಷ್ಟಪಡುವ ನಾವೆಲ್ಲ ಕೊನೆಗೆ ಇದೇ ಬಾಬ್ ಕಟ್‌ಗೆ ಬಂದು ನಿಲ್ಲುವುದೇಕೆ, ಯಾರಾದರೂ ಸುತ್ತೋಲೆ ಕಳಿಸಿದ್ದರೇ, ನನಗೆ ತಲುಪಲೇ ಇಲ್ಲವಲ್ಲ ಎಂದು ಒಬ್ಬಳು. ಬಸ್ಸಿನಲ್ಲಿ ಕೂತು ಓದುತ್ತಿದ್ದೆ. ಜೋರಾಗಿ ನಕ್ಕುಬಿಟ್ಟೆ, ಪಕ್ಕದವರು ತಿರುಗಿ ನೋಡಿದರು. ಗುಂಪಿನಲ್ಲಿ ಯಾರೋ ನನ್ನ ಹೆಸರು ಹಿಡಿದು ಕೂಗಿದ ಹಾಗಾಗಿತ್ತು, ಅಷ್ಟೇ.

ಅಷ್ಟೇ ಆಗಿದ್ದರೆ ಕತ್ತರಿ ಹಿಡಿಯುತ್ತಿರಲಿಲ್ಲ.

ಇವರು ಬೆಳಗಿನ ಡ್ರೈವಿಂಗ್ ಪಾಠ ಹೇಳಿಕೊಡಲು ಕಾರು ತೆಗೆದುಕೊಂಡು ಹೋದಮೇಲೆ ಬಚ್ಚಲುಮನೆಯ ಚಿಲಕ ಹಾಕಿದೆ. ಜಡೆ ಹೆಣೆದು, ಮೇಲೂ ಕೆಳಗೂ ರಬ್ಬರ್ ಬ್ಯಾಂಡ್ ಬಿಗಿದು, ಮೇಲಿನ ಬ್ಯಾಂಡಿನ ಕೆಳಗೆ ಕತ್ತರಿ ಆಡಿಸಿದೆ. ಒಂದೇ ಏಟಿಗೆ ಆಗುವುದಿಲ್ಲ. ಹಗ್ಗ ಕೊಯ್ದ ಹಾಗೆ ಕೊಯ್ಯಬೇಕು. ಆಮೇಲೆ ಒದ್ದೆ ಮಾಡಿಕೊಂಡು ಗಲ್ಲದ ಮಟ್ಟಕ್ಕೆ ಸರಿಮಾಡಿದೆ. ತಪ್ಪಾದದ್ದು ಅಲ್ಲೇ. ಒದ್ದೆ ಕೂದಲು ಉದ್ದ ಕಾಣುತ್ತದೆ. ಒಣಗಿದಾಗ ಕಿವಿಯ ತನಕ ಜಿಗಿಯಿತು. ಮೇಲಾಗಿ ಕನ್ನಡಿ ನೋಡಿಕೊಂಡು ಕತ್ತರಿಸುವಾಗ ಕೈ ಬೇಡದ ಕಡೆಗೇ ಹೋಗುತ್ತದೆ. ಎಡಗಣ್ಣು ಮುಚ್ಚಿ, ಬಲಗಣ್ಣು ಮುಚ್ಚಿ ಎನ್ನುತ್ತಾ ಜನರ ಕಣ್ಣು ಪರೀಕ್ಷಿಸಿ ಹೊಟ್ಟೆ ಹೊರೆಯುವ ನನಗೆ ನನ್ನದೇ ಎಡ ಬಲ ತಿಳಿಯಲಿಲ್ಲ. ಹಿಂಭಾಗವಂತೂ ದೇವರಿಗೇ ಪ್ರೀತಿ.

"ಇಲಿ ಕಡಿದ ಹಾಗಿದೆ ಕಣೇ," ಅಂದರು ಅತ್ತೆ. "ಪಾರ್ಲರಿಗೆ ಹೋಗೋಕೆ ಏನಾಗಿತ್ತು ದಾಡಿ?"

ಪಾರ್ಲರಿನಲ್ಲಿ ಕೇಳುತ್ತಾರೆ, ಇಷ್ಟು ಒಳ್ಳೇ ಕೂದಲು ಯಾಕೆ ಮೇಡಂ ಅಂತ. ಉತ್ತರ ಕೊಡಬೇಕಾಗುತ್ತದೆ. ಬಚ್ಚಲಿನ ಕನ್ನಡಿ ಏನೂ ಕೇಳುವುದಿಲ್ಲ.

ಇವರು ಮಧ್ಯಾಹ್ನ ಬಂದವರು ಬಾಗಿಲಲ್ಲೇ ನಿಂತರು. ಆಮೇಲೆ ನನ್ನ ಸುತ್ತ ಒಂದು ಸುತ್ತು ಬಂದರು, ಗೀರು ಬಿದ್ದ ಕಾರನ್ನು ನೋಡುವ ಹಾಗೆ. "ಮುಂದೆ ಚೆನ್ನಾಗಿದೆ," ಅಂದರು. ಒಳ್ಳೆಯ ಮನುಷ್ಯ.

ಈ ಪುಸ್ತಕ ಬೀರುವಿನಲ್ಲಿ ಸ್ವೆಟರುಗಳ ಅಡಿಗೆ ಇರಲಿ.


ಮಾರ್ಚ್ ೩, ಸೋಮವಾರ

ಕ್ಲಿನಿಕ್ಕಿನ ಮುಂದಿನ ಕೌಂಟರಿನಲ್ಲಿ ಕೂರುವ ಹುಡುಗಿಗೆ ನಾವಿಟ್ಟ ಹೆಸರು ಚಿಲಿಪಿಲಿ. ನಾನು ಒಳಗೆ ಕಾಲಿಡುವ ಮೊದಲೇ ಶುರು.

"ಮೇಡಂ! ಯಾವ ಪಾರ್ಲರ್? ಹೇಳಿ ಹೇಳಿ."

"ನಮ್ಮನೆ ಬಚ್ಚಲು."

"ಸುಮ್ನಿರಿ ಮೇಡಂ, ತಮಾಷೆ ಮಾಡ್ಬೇಡಿ. ಎಲ್ಲಿ, ತಿರುಗಿ." ತಿರುಗಿದೆ. ಒಂದು ಕ್ಷಣ ಚಿಲಿಪಿಲಿ ನಿಂತುಹೋಯಿತು. "ಹೂಂ. ಬಚ್ಚಲೇ."

ಡಾಕ್ಟರು ಹಾದುಹೋಗುವಾಗ, "ಓ ನೀವಾ? ಯಾರೋ ಹೊಸಬರು ಸೇರಿದಾರೆ ಅಂದ್ಕೊಂಡೆ," ಎಂದರು. ಆ ಮಾತು ದಿನವೆಲ್ಲಾ ತಲೆಯಲ್ಲಿತ್ತು. ಹೊಸಬಳಲ್ಲ ಡಾಕ್ಟರೇ. ಇಷ್ಟು ವರ್ಷ ರಜೆಯಲ್ಲಿದ್ದವಳು.

ಹನ್ನೊಂದರ ಸುಮಾರಿಗೆ ಒಬ್ಬ ಅಜ್ಜ. ಲೆನ್ಸ್ ಬದಲಿಸುತ್ತಾ, "ಇದು ಸ್ಪಷ್ಟವೋ, ಇದೋ?" ಎಂದು ಕೇಳುತ್ತಿದ್ದೆ. "ಎರಡೂ ಚೆನ್ನಾಗಿದೆ ಕಣಮ್ಮಾ. ಒಂದನ್ನೇ ಹೇಳ್ಬೇಕು ಅಂತ ರೂಲ್ಸ್ ಇದ್ಯಾ?" ಅಂದರು. ವಾರಕ್ಕೆ ಹತ್ತು ಜನ ಹೀಗೆ ಹೇಳುತ್ತಾರೆ, ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಇವತ್ತು ಲೆನ್ಸ್ ಕೈಯಲ್ಲಿ ಹಿಡಿದು ಹಾಗೇ ನಿಂತೆ. ಅಜ್ಜ ಬೆದರಿದರು: "ಕಣ್ಣಲ್ಲಿ ಏನಾದ್ರೂ ಇದ್ಯೇನಮ್ಮಾ?"


ಮಾರ್ಚ್ ೭, ಶುಕ್ರವಾರ

ಬಿಡಿಸಿ ಬರೆಯಬೇಕು, ರೋಗಿಯ ಕಾರ್ಡು ಬರೆಯುವ ಹಾಗೆ. ಇಲ್ಲದಿದ್ದರೆ ನನ್ನ ಕಣ್ಣಿಗೆ ನಾನೇ ಮಣ್ಣೆರಚಿಕೊಳ್ಳುತ್ತೇನೆ.

ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳು. ಅವಳು ಮೆಟ್ಟಿಲು ಹತ್ತುವ ಸದ್ದಿಗೆ ನನ್ನ ಓದು ನಿಲ್ಲುತ್ತಿತ್ತು. ಒಂದು ವರ್ಷ ನಾವು ಬರೀ ಗೆಳತಿಯರಾಗಿರಲಿಲ್ಲ; ಆಮೇಲೆ ಅವಳು ಬೇರೆ ಊರಿಗೆ ಹೋದಳು, ನಾನು ಅಳುತ್ತಾ ಕೂತೆ, ಅದೂ ಮುಗಿಯಿತು. ಕೆಲವು ವರ್ಷಗಳ ಮೇಲೆ ಇವರು. ಡ್ರೈವಿಂಗ್ ಕಲಿಯಲು ಇವರ ಸ್ಕೂಲಿಗೆ ಸೇರಿದ್ದೆ. ಡ್ರೈವಿಂಗ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕಲಿತಳು ಎಂದು ಅತ್ತೆ ಈಗಲೂ ಹಂಗಿಸುತ್ತಾರೆ. ಇವರ ಕಾರಿನ ಹಾರನ್ನು ಬೀದಿಯ ತುದಿಯಲ್ಲಿ ಕೇಳಿದರೂ ಹಾಗೇ ಓದು ನಿಲ್ಲುತ್ತಿತ್ತು. ಹತ್ತೊಂಬತ್ತು ವರ್ಷದ ಸಂಸಾರ. ಮಕ್ಕಳಾಗಲಿಲ್ಲ; ಆ ಮಾತೂ ಮನೆಯಲ್ಲಿ ಹಳತಾಯಿತು. ಇವರ ಮೇಲಿನ ಪ್ರೀತಿ ನಾಟಕವಲ್ಲ. ಅವಳ ಮೇಲಿನದೂ ನಾಟಕವಾಗಿರಲಿಲ್ಲ. ಈಗಲೂ ಬಸ್ಸಿನಲ್ಲಿ, ಅಂಗಡಿಯಲ್ಲಿ ಒಬ್ಬಳನ್ನು ಕಂಡು ಮನಸ್ಸು ಒಮ್ಮೆ ನಿಂತು ಮುಂದೆ ಹೋಗುವುದುಂಟು, ಒಬ್ಬನನ್ನು ಕಂಡೂ ಉಂಟು. ಎಲ್ಲರಿಗೂ ಏನೋ ಒಂದು ಉಂಟು. ಅಷ್ಟರಿಂದ ಯಾರ ಸಂಸಾರವೂ ಮುಳುಗಿಲ್ಲ.

ಹಾಗಾದರೆ ಹೇಳುವುದು ಏಕೆ? ಹೊಸಬರು ಯಾರೂ ಇಲ್ಲ. ಯಾರ ಹತ್ತಿರವೂ ಹೋಗಬೇಕಾಗಿಲ್ಲ. ಆದರೆ ನನ್ನ ಜೊತೆ ಊಟಕ್ಕೆ ಕೂರುವವರಿಗೆ ನಾನು ಯಾರೆಂದು ಅರ್ಧ ಗೊತ್ತು, ಉಳಿದರ್ಧ ಮೊಬೈಲಿನಲ್ಲಿರುವ ಯಾರೋ ಅಪರಿಚಿತ ಹೆಂಗಸರಿಗೆ ಗೊತ್ತು. ಇದು ತಲೆಕೆಳಗು.

ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನಂಥವರನ್ನು ಕರೆಯುವ ಆ ಪದ ನನಗೆ ಹದಿನೆಂಟರಿಂದ ಗೊತ್ತು, ಸ್ಪೆಲಿಂಗ್ ಸಮೇತ. ಅದನ್ನು ತಂದು ನಮ್ಮ ಅಡುಗೆಮನೆಯಲ್ಲಿ ಎಲ್ಲಿ ಇಡಲಿ? ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಬೇರೆ ಯಾರದೋ ವಿಷಯ ಅನ್ನಿಸುತ್ತದೆ.


ಮಾರ್ಚ್ ೯, ಭಾನುವಾರ

ಹೇಳಿದೆ.

ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ಇವರು ಗಡ್ಡ ಟ್ರಿಮ್ ಮಾಡಿಕೊಂಡು ಮಷಿನ್ನು ಕೈಯಲ್ಲೇ ಹಿಡಿದು ಬಂದರು. "ಬಾ ಇಲ್ಲಿ. ಹಿಂದೆ ಮೆಟ್ಟಿಲು ಮೆಟ್ಟಿಲಾಗಿದೆ, ನೋಡೋಕಾಗ್ತಿಲ್ಲ ನನ್ ಕೈಲಿ."

ಹಿಂದಿನ ಬಾಲ್ಕನಿಯಲ್ಲಿ ಸ್ಟೂಲು. ಕುತ್ತಿಗೆಗೆ ಹಳೇ ಬೆಡ್‌ಶೀಟು, ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ. ಇವರಿಗೆ ಏನು ಕೆಲಸ ಕೊಟ್ಟರೂ ಪಾಠದ ದನಿಯೇ ಬರುತ್ತದೆ: "ತಲೆ ನೇರ. ಮುಂದೆ ನೋಡು. ನಾನು ಹೇಳೋ ತನಕ ತಿರುಗ್ಬೇಡ." ಟ್ರಿಮ್ಮರಿನ ಮೂತಿಗೆ ಬಾಚಣಿಗೆಯಂಥ ಪ್ಲಾಸ್ಟಿಕ್ ತುಂಡೊಂದಿದೆ, ಅದಿದ್ದರೆ ಬ್ಲೇಡು ಚರ್ಮದ ತನಕ ಹೋಗುವುದಿಲ್ಲ. ಕೂದಲು ತುಂಬಿದಾಗಲೆಲ್ಲ ಅದನ್ನು ಕಿತ್ತು, ಊದಿ, ಮತ್ತೆ ಹಾಕುತ್ತಿದ್ದರು. ಇನ್ನೊಂದು ಕೈ ನನ್ನ ಕಿವಿಯನ್ನು ಮಡಚಿ ಹಿಡಿದಿತ್ತು. ಎಷ್ಟು ಜೋಪಾನವಾಗಿ.

ಮುಖ ಕಾಣದಿದ್ದರೆ ಹೇಳುವುದು ಸುಲಭ ಎಂದು ಅನ್ನಿಸಿರಬೇಕು.

"ರೀ. ಕೂದಲು ಉದುರ್ತಿರ್ಲಿಲ್ಲ."

"ಗೊತ್ತು. ಬಚ್ಚಲಲ್ಲಿ ಒಂದೆಳೇನೂ ಬಿದ್ದಿರ್ತಿರ್ಲಿಲ್ಲ."

ಆಮೇಲೆ ಉಳಿದದ್ದು. ಹಾಸ್ಟೆಲಿನವಳ ವಿಷಯ. ನನಗೆ ಹೆಂಗಸರ ಮೇಲೂ ಮನಸ್ಸಾಗುವುದು, ನೀವು ಸಿಗುವ ಮುಂಚಿನಿಂದಲೂ, ಈಗಲೂ. ಈ ಕೂದಲು ಅದಕ್ಕೇ ಎಂದು. ಟ್ರಿಮ್ಮರ್ ಗುಂಯ್ ಎನ್ನುತ್ತಲೇ ಇತ್ತು. ಸ್ಟೂಲಿನ ಪಕ್ಕದಲ್ಲಿ ಇವರ ಬಲಗಾಲು ನೆಲವನ್ನು ಒತ್ತಿದ್ದು ನನಗೆ ಕಂಡಿತು. ಇವರ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಬ್ರೇಕು ಇದೆ. ಹೆದರಿಕೆಯಾದರೆ ಮನೆಯಲ್ಲೂ ಆ ಕಾಲು ತಾನಾಗಿ ಒತ್ತುತ್ತದೆ.

"ಯಾರು?"

"ಯಾರೂ ಇಲ್ಲ."

"ಮತ್ತೆ ಈಗ ಯಾಕೆ ಹೇಳ್ತಿದ್ದೀಯ?"

"ನಿಮಗೆ ಗೊತ್ತಿರ್ಲಿ ಅಂತ."

"ಗೊತ್ತಾಗಿ ನಾನೇನು ಮಾಡ್ಲಿ?"

ಇವರು ಪ್ಲಾಸ್ಟಿಕ್ ಮೂತಿ ಕಿತ್ತು ಊದಿದರು, ತಲೆ ಬಗ್ಗಿಸು ಎಂದರು, ಮಷಿನ್ನನ್ನು ಕುತ್ತಿಗೆಯಿಂದ ಮೇಲಕ್ಕೆ ಎಳೆದರು. ತಣ್ಣಗೆ ಏನೋ ತಾಗಿತು. ಮೂತಿ ಹಾಕಲು ಮರೆತಿದ್ದರು.

ಎರಡು ಬೆರಳಗಲದ ಬೋಳು ಪಟ್ಟೆ. ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. "ಸಾರಿ," ಅಂದರು. ಯಾವುದಕ್ಕೆ ಎಂದು ಕೇಳುವಷ್ಟರಲ್ಲಿ ಕಾರಿನ ಕೀ ತೆಗೆದುಕೊಂಡು ಹೋದರು. ಪಾಠವಿದೆ ಎಂದರು. ಭಾನುವಾರ ಮಧ್ಯಾಹ್ನ ಪಾಠ ಇರುವುದಿಲ್ಲ.


ಮಾರ್ಚ್ ೧೦

ಮಾತಿಲ್ಲ. ಟೀ ಬೇಕಾ, ಬೇಡ. ಗೇಟು ಹಾಕಿದ್ಯಾ, ಹಾಕಿದೆ. ಬೋಳಾದ ಕಡೆ ಗಾಳಿ ತಾಗುತ್ತದೆ.


ಮಾರ್ಚ್ ೧೨, ಬುಧವಾರ

ಕ್ಲಿನಿಕ್ಕಿಗೆ ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡು ಹೋಗಿದ್ದೆ. ಚಿಲಿಪಿಲಿಯ ಕಣ್ಣು ತಪ್ಪಿಸಲಾಗುತ್ತದೆಯೇ.

"ಮೇಡಂ, ಹಿಂದೆ ಯಾರೋ ರಸ್ತೆ ಅಗೆದು ಮುಚ್ಚದೇ ಹೋಗಿದ್ದಾರೆ."

"ನಮ್ಮೆಜಮಾನ್ರು."

"ಸಿಟ್ಟಿನಲ್ಲಾ?"

"ಮರೆವಿನಲ್ಲಿ."

"ಹಾಗಾದ್ರೆ ಪರವಾಗಿಲ್ಲ ಬಿಡಿ," ಅಂದಳು, ನ್ಯಾಯಾಧೀಶರ ಹಾಗೆ.

ಪರವಾಗಿಲ್ಲವೇ? ಇವರು ಈಗ ಅಡುಗೆಮನೆಯಲ್ಲಿ ನಾನಿದ್ದರೆ ಹೊರಗೆ ನೀರು ಕುಡಿಯುತ್ತಾರೆ. ಅತ್ತೆಗೂ ವಾಸನೆ ಬಡಿದಿದೆ. "ಏನು, ಇಬ್ರೂ ಬಾಯಿಗೆ ಬೀಗ ಜಡ್ಕೊಂಡಿದ್ದೀರಲ್ಲ? ಒಂದು ಕೂದಲಿಗೆ ಇಷ್ಟು ರಾಮಾಯಣವಾ?" ಎಂದರು ಬೆಳಿಗ್ಗೆ. ನಾನು ಅವರ ತಲೆ ಬಾಚುತ್ತಿದ್ದೆ. ಅವರ ಬಲಭುಜ ಹಿಡಿದುಕೊಂಡು ಅರ್ಧ ವರ್ಷವಾಯಿತು, ಕೈ ಕಿವಿಯಿಂದ ಮೇಲೆ ಏಳುವುದಿಲ್ಲ. ಅವರ ಕೂದಲು ಬೆಳ್ಳಗೆ, ಸೊಂಟದ ತನಕ. ದಿನಾ ಬೆಳಿಗ್ಗೆ ಅದನ್ನು ಬಾಚಿ ಹೆಣೆಯುವ ಸ್ವಲ್ಪ ಹೊತ್ತು ನಾವಿಬ್ಬರೂ ಊರಿನವರನ್ನೆಲ್ಲ ಆಡಿಕೊಳ್ಳುತ್ತೇವೆ. ಇವತ್ತು ಆಡಿಕೊಳ್ಳಲು ನನಗೆ ಯಾರೂ ನೆನಪಾಗಲಿಲ್ಲ.

ನಾನು ಹೇಳಿದ್ದು ತಪ್ಪೇ? ಹೇಳಿದ ರೀತಿ ತಪ್ಪಿರಬಹುದು. ಮಷಿನ್ನು ಓಡಿಸುತ್ತಿರುವವರಿಗೆ ಮೊದಲು ಮಷಿನ್ನು ನಿಲ್ಲಿಸಿ ಎನ್ನಬೇಕಿತ್ತು.


ಮಾರ್ಚ್ ೧೫, ಶನಿವಾರ

ಕೊನೆಗೂ ಕಾರಿನಲ್ಲಿ. ಕ್ಲಿನಿಕ್ಕಿನ ಮುಂದೆ ಕಾಯುತ್ತಿದ್ದರು, ಛಾವಣಿಯ ಮೇಲೆ ಸ್ಕೂಲಿನ ಬೋರ್ಡು ಹಾಗೇ ಇತ್ತು. ಇವರಿಗೆ ಮುಂದೆ ನೋಡಿಕೊಂಡು ಮಾತಾಡುವುದೇ ಅಭ್ಯಾಸ.

"ನಾನು ಅರ್ಧ ಮಾತ್ರ ಸಾಕಾಗಿದ್ನಾ ನಿನಗೆ ಇಷ್ಟು ವರ್ಷ?"

ಇದನ್ನು ವಾರವಿಡೀ ಹೊತ್ತುಕೊಂಡು ತಿರುಗಿದ್ದಾರೆ. ಏನಾದರೂ ಗಟ್ಟಿಯಾದದ್ದು ಹೇಳಬೇಕೆಂದು ನನಗೆ ಗೊತ್ತಿರುವ ಒಂದೇ ವಿದ್ಯೆಗೆ ಕೈ ಹಾಕಿದೆ.

"ಕಣ್ಣಿಗೆ ದೂರದ್ದೂ ಕಾಣುತ್ತೆ, ಹತ್ತಿರದ್ದೂ ಕಾಣುತ್ತೆ. ದೂರದ್ದು ಕಾಣುತ್ತೆ ಅಂತ ಹತ್ತಿರದ್ದು ಅರ್ಧ ಕಾಣುತ್ತಾ?"

"ನನಗೆ ಹತ್ತಿರದ್ದು ಕಾಣಲ್ಲ. ನೀನೇ ಕನ್ನಡಕಕ್ಕೆ ಚೀಟಿ ಬರ್ಕೊಟ್ಟಿದ್ದೀಯ."

ಸಿಗ್ನಲಿನಲ್ಲಿ ನಿಂತಿದ್ದೆವು. ಮೊದಲು ಇವರೇ ನಕ್ಕರು. ನಾನು ನಕ್ಕು ಕಣ್ಣು ಒರೆಸಿಕೊಂಡೆ. ಹಿಂದಿನವನು ಹಾರನ್ ಹೊಡೆದ.

"ಅರ್ಧ ಅಲ್ಲ ರೀ," ಅಂದೆ. "ಯಾವತ್ತೂ ಅರ್ಧ ಅಲ್ಲ."

ಮನೆಯ ಬೀದಿಗೆ ತಿರುಗುವಾಗ ಅವರೆಂದರು: "ಆಯ್ತು. ಆದ್ರೆ ಇದು ನಮ್ಮಿಬ್ಬರಲ್ಲೇ ಇರ್ಲಿ. ಅಮ್ಮನಿಗೆ ಗೊತ್ತಾಗೋದು ಬೇಡ. ಅಣ್ಣನಿಗಂತೂ ಬೇಡವೇ ಬೇಡ."

ಹೂಂ ಅಂದೆ. ಆ ಪುಟದಲ್ಲಿ ನನ್ನದೂ ಒಂದು ಫೋಟೊ ಹಾಕಬೇಕು, ಮುಖ ಮುಚ್ಚದೆ, ಎಂಬ ಆಸೆಯನ್ನು ಹೇಳಲಿಲ್ಲ. ಅಲ್ಲಿ ಮುಖ ಹಾಕಿದರೆ ಇವರ ಅಣ್ಣನ ಮನೆಯ ತನಕ ಹೋಗುತ್ತದೆ. ಭಾವನ ಮಕ್ಕಳು ಹಗಲೂ ಇರುಳೂ ಫೋನಿನಲ್ಲೇ ಇರುತ್ತಾರೆ. ಹೂಂ ಎಂದದ್ದು ನಿಜವಾಗಿಯೋ, ಆ ನಗು ಕೆಡಬಾರದೆಂದೋ, ತಿಳಿಯದು.


ಮಾರ್ಚ್ ೧೬, ಭಾನುವಾರ

ಬೋಳು ಪಟ್ಟೆ ಬೆಳೆದು ಸಮವಾಗುವ ತನಕ ಕಾಯುವುದು ಒಂದು ದಾರಿ. ಉಳಿದದ್ದನ್ನು ಆದಷ್ಟು ಅದರ ಮಟ್ಟಕ್ಕೆ ತರುವುದು ಇನ್ನೊಂದು. ಎರಡನೆಯದನ್ನು ಮಾಡಿದೆ.

ಈ ಸಲ ಒಣ ಕೂದಲು. ಮುಂದೆ ಬಚ್ಚಲಿನ ಕನ್ನಡಿ, ಹಿಂದೆ ಬಾಗಿಲಿನ ಮೊಳೆಗೆ ನೇತುಹಾಕಿದ ಇನ್ನೊಂದು. ಎರಡು ಕನ್ನಡಿ ಎದುರುಬದುರಾದರೆ ಎಡ ಎಡಕ್ಕೇ ಬರುತ್ತದೆ, ಬಲ ಬಲಕ್ಕೇ. ಕ್ಲಿನಿಕ್ಕಿನಲ್ಲಿ ಕೋಣೆ ಚಿಕ್ಕದಾಗಿದ್ದರೆ ಅಕ್ಷರದ ಬೋರ್ಡನ್ನು ಕನ್ನಡಿಯಲ್ಲಿ ತೋರಿಸುವ ನನಗೆ ಇದು ಮೊದಲ ದಿನವೇ ಹೊಳೆಯಬೇಕಿತ್ತು. ಬಾಚಣಿಗೆಯಲ್ಲಿ ಎತ್ತಿ, ಹಲ್ಲಿನ ಮೇಲೆ ಉಳಿದದ್ದನ್ನು ಕತ್ತರಿಸುವುದು, ಮತ್ತೆ ಎತ್ತುವುದು. ಕಿವಿಯ ಸುತ್ತ ಉಸಿರು ಹಿಡಿದುಕೊಂಡು. ಮುಗಿಯುವ ಹೊತ್ತಿಗೆ ಬಾಬ್ ಹೋಗಿ ಪೂರ್ತಿ ಕ್ರಾಪು ಆಗಿತ್ತು. ಪುಟದಲ್ಲಿನ ಯಾರ ಹಾಗೂ ಇಲ್ಲ. ಹಾಗೆಂದು ಬೇಸರವೂ ಆಗಲಿಲ್ಲ. ಕಿವಿ ಇಷ್ಟು ಚಿಕ್ಕದು ಎಂದು ಗೊತ್ತಿರಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಮುಂದಿನ ವಾರ ಬೋಳಿಸ್ಕೊಂಡ್ಬಿಡು. ಶಾಂಪೂ ಉಳಿಯುತ್ತೆ."

"ಚೆನ್ನಾಗಿಲ್ವಾ ಅತ್ತೆ?"

ಅವರು ಹೊರಳಿ ಹೋಗುತ್ತಾ, "ಚೆನ್ನಾಗಿಲ್ಲ ಅಂತ ಯಾರು ಅಂದ್ರು?" ಅಂದರು.


ಮಾರ್ಚ್ ೨೩, ಭಾನುವಾರ

ಇವತ್ತಿನದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಬಾಚಲು ಕೂತಾಗ ಅತ್ತೆ, "ಜಡೆ ಬೇಡ. ನಂದೂ ತೆಗಿ," ಅಂದರು.

ತಮಾಷೆ ಅಂದುಕೊಂಡೆ. "ಭುಜ ಹೋದಮೇಲೆ ಇದು ನನ್ನ ಕೂದಲಲ್ಲ ಕಣೇ, ನಿನ್ನ ಕೆಲಸ ಆಗಿದೆ. ನನ್ನ ತಲೆ ನಾನೇ ಬಾಚ್ಕೋಬೇಕು ಅನ್ಸುತ್ತೆ ನನಗೆ."

"ಇವರು ಬರ್ಲಿ ಅತ್ತೆ, ಒಂದು ಮಾತು ಕೇಳೋಣ."

"ಅವನನ್ನ ಯಾಕೆ ಕೇಳ್ಬೇಕು? ಅವನು ನನ್ನ ತಲೆ ಮೇಲೆ ಕೂತಿದ್ದಾನಾ?"

ಬಾಲ್ಕನಿಗೆ ಸ್ಟೂಲು ತಂದೆ. ಆ ಜಡೆಯನ್ನು ಕೊಯ್ಯುವಾಗ ನನ್ನದನ್ನು ಕೊಯ್ದಾಗ ಆಗದ ಸಂಕಟವಾಯಿತು. ಅತ್ತೆ ತಣ್ಣಗೆ ಕೂತಿದ್ದರು. "ಅಳ್ತಿದ್ದೀಯೇನೇ? ಕತ್ತರಿ ನೋಡ್ಕೊಂಡು ಅಳು." ಬಲಗಡೆ ಕಿವಿಯ ಮಟ್ಟಕ್ಕೆ ಬಂದಿತ್ತು, ಎಡಗಡೆ ಇನ್ನೂ ಭುಜದ ಮೇಲಿತ್ತು. ಆಗ ಇವರು ಬಂದರು.

ಜಡೆ ನೆಲದ ಮೇಲಿತ್ತು.

"ನಿನ್ನ ಹುಚ್ಚು ನಮ್ಮಿಬ್ಬರಲ್ಲೇ ಇರ್ಲಿ ಅಂದಿದ್ದೆ. ಈಗ ಅಮ್ಮನಿಗೂ ಹತ್ತಿಸಿದ್ಯಾ?"

"ನಾನು ಹೇಳಿ ಮಾಡಿಸ್ಕೊಂಡಿದ್ದು ಕಣೋ," ಅಂದರು ಅತ್ತೆ. ಆಮೇಲೆ ಕತ್ತು ತಿರುಗಿಸದೆ, "ಯಾವ ಹುಚ್ಚು?" ಎಂದರು.

ಇವರು ನನ್ನನ್ನು ನೋಡಿದರು. ಬೇಡ ಎನ್ನುತ್ತಿದ್ದವು ಆ ಕಣ್ಣುಗಳು. ತಾವೇ ಬಾಯಿ ಜಾರಿದ್ದಕ್ಕೆ ಹೆದರಿದ್ದವು ಕೂಡ. ಏನೂ ಇಲ್ಲ ಅತ್ತೆ, ಕೂದಲಿನ ಹುಚ್ಚು ಎಂದುಬಿಡಬಹುದಿತ್ತು. ಅದು ಸುಲಭವೂ ಆಗಿತ್ತು. ಅವರ ತಲೆ ನನ್ನ ಕೈಯಲ್ಲಿತ್ತು, ಬೆಚ್ಚಗೆ. ಅಷ್ಟು ನಂಬಿ ಕೂತವರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಅತ್ತೆ, ನನಗೆ ಗಂಡಸರ ಮೇಲೂ ಮನಸ್ಸಾಗುತ್ತೆ, ಹೆಂಗಸರ ಮೇಲೂ ಆಗುತ್ತೆ. ಮೊದ್ಲಿಂದನೂ ಹಾಗೇ. ನಿಮ್ಮ ಮಗನ ಮೇಲೆ ಆಗಿದ್ದು ನಿಜ, ಈಗಲೂ ಇದೆ. ಬೇರೆ ಯಾರೂ ಇಲ್ಲ. ಇದನ್ನ ಇವರಿಗೆ ಹೇಳಿದ್ದೆ. ಅದೇ ಇವರು ಹುಚ್ಚು ಅಂದಿದ್ದು."

ಕೆಳಗೆ ಯಾರದೋ ಮನೆಯ ಕುಕ್ಕರ್ ಕೂಗಿತು. ಅತ್ತೆ ತಮ್ಮ ಎಡಗಡೆಯ ಕೂದಲನ್ನು ಎಡಗೈಯಲ್ಲಿ ಮುಟ್ಟಿ ನೋಡಿಕೊಂಡರು.

"ಈ ಕಡೆ ಇನ್ನೂ ಉದ್ದ ಇದೆ," ಅಂದರು. "ಮುಗಿಸು."

ಮುಗಿಸಿದೆ. ಇವರು ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದರು, ಹೋಗಲೂ ಇಲ್ಲ, ಕೂರಲೂ ಇಲ್ಲ.


ಮಾರ್ಚ್ ೨೬, ಬುಧವಾರ

ಅತ್ತೆ ತಮ್ಮ ತಲೆ ತಾವೇ ಬಾಚಿಕೊಳ್ಳುತ್ತಾರೆ. ಎಡಗೈಯಲ್ಲಿ, ಎರಡೇ ಎರಡು ಸಲ. ನನ್ನನ್ನು ಕರೆಯುವುದಿಲ್ಲ. ಬಾಗಿಲ ಹತ್ತಿರ ನಿಂತಿದ್ದೆ. "ನೀನು ಅವತ್ತು ಹೇಳಿದ್ದು ನನಗೆ ಅರ್ಥ ಆಗಿಲ್ಲ," ಅಂದರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ. "ಅರ್ಥ ಆದ್ಮೇಲೆ ಹೇಳ್ತೀನಿ."

ಬೆಳಗಿನ ಆ ಹೊತ್ತು ಖಾಲಿ. ಬಸ್ಸಿಗೆ ಬೇಗ ಹೋಗಿ ನಿಲ್ಲುತ್ತೇನೆ.


ಮಾರ್ಚ್ ೩೦, ಭಾನುವಾರ

ಬೆಳಿಗ್ಗೆ ಇವರು, "ಬಾ, ಒಂದು ರೌಂಡು," ಅಂದರು. ಊರ ಹೊರಗಿನ ಮೈದಾನಕ್ಕೆ ಕರೆದುಕೊಂಡು ಹೋದರು, ಕಲಿಯುವವರಿಗೆ ರಿವರ್ಸ್ ಹೇಳಿಕೊಡುವ ಜಾಗ. ಎಂಜಿನ್ ಆರಿಸಿದರು.

"ಹುಚ್ಚು ಅನ್ನಬಾರದಿತ್ತು."

"ಹೌದು. ಅನ್ನಬಾರದಿತ್ತು."

ಮೊದಲಾಗಿದ್ದರೆ ಹೋಗಲಿ ಬಿಡಿ ಅನ್ನುತ್ತಿದ್ದೆನೇನೋ.

"ನೀನು ಹೇಳಿದ್ದಕ್ಕೆ ಸಿಟ್ಟಲ್ಲ ನನಗೆ. ಇಷ್ಟು ವರ್ಷ ಹೇಳದೇ ಇದ್ಯಲ್ಲ, ಅದಕ್ಕೆ. ಪಕ್ಕದ ಸೀಟಿನಲ್ಲೇ ಕೂತಿದ್ದೆ ನಾನು."

"ಹೇಳಿದ್ರೆ ಇಳಿದು ಹೋಗ್ತೀರಿ ಅಂತ ಭಯ ಇತ್ತು."

"ಇಳಿದು ಎಲ್ಲಿಗೆ ಹೋಗ್ಲಿ? ಕಾರು ನಂದು."

ಇವರ ಹಾಸ್ಯಕ್ಕೆ ಮಿತಿಯಿಲ್ಲ. ಆದರೆ ಹೇಳಿದಮೇಲೆ ಇವರ ಕೈ ಬಂದು ನನ್ನ ಕುತ್ತಿಗೆಯ ಹಿಂದೆ ಕೂತಿತು, ಈಗಷ್ಟೇ ಚಿಗುರುತ್ತಿರುವ ಪಟ್ಟೆಯ ಮೇಲೆ. "ಬ್ರಷ್ ಥರ ಇದೆ," ಅಂದರು. ಸ್ವಲ್ಪ ಹೊತ್ತು ಅಲ್ಲೇ ಇಟ್ಟಿದ್ದರು.

ಪುಟದ ವಿಷಯ ಹೇಳಿದೆ. ಫೋನು ತೆಗೆದು ತೋರಿಸಿದೆ. ಓದುವ ಕನ್ನಡಕ ಹಾಕಿಕೊಂಡು ಒಂದೊಂದೇ ಫೋಟೊ ಸರಿಸಿದರು, ಲೈಸೆನ್ಸಿಗೆ ಬಂದವರ ಫೋಟೊ ನೋಡುವ ಗಾಂಭೀರ್ಯದಲ್ಲಿ.

"ಇವರೆಲ್ಲಾ?"

"ಹೂಂ. ಬಹಳ ಜನ."

"ಈಕೆಗೆ ನನ್ನಮ್ಮನ ವಯಸ್ಸು."

"ಹೂಂ."

"ಇವಳ ಹಿಂಭಾಗ ಯಾರು ಮಾಡಿದ್ದು? ನನಗಿಂತ ಕಡೆ." ಕನ್ನಡಕ ತೆಗೆದರು. "ನೀನೂ ಹಾಕ್ತೀಯ. ಅಲ್ವಾ?"

"ಹಾಕ್ತೀನಿ."

"ಮುಖ?"

"ಮುಖ ಸಮೇತ."

ಅವರು ಗಾಡಿ ಸ್ಟಾರ್ಟ್ ಮಾಡಿದರು. ದಾರಿಯುದ್ದಕ್ಕೂ ಮಾತಿಲ್ಲ. ಇದು ಮೊನ್ನೆಯ ಮೌನವಲ್ಲ. ಲೆಕ್ಕ ಹಾಕುವ ಮೌನ. ಹೆದರಿಕೆಯಿತ್ತೇ ನನಗೆ? ಇತ್ತು. ಹೆದರಿಕೆ ಕಡಿಮೆಯಾಗಲಿ ಎಂದು ಕಾಯುತ್ತಾ ಕೂತರೆ ಅದು ಕೂದಲಿಗಿಂತ ಬೇಗ ಬೆಳೆಯುತ್ತದೆ.


ಏಪ್ರಿಲ್ ೬, ಭಾನುವಾರ

ಊಟದ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಇವರು ಎದುರಿಗೆ ಕೂತು ಪೇಪರ್ ಓದುತ್ತಿದ್ದಾರೆ, ಅತ್ತೆ ಸೋಫಾದಲ್ಲಿ.

ಬೆಳಿಗ್ಗೆ ಅತ್ತೆಯೇ ಸ್ಟೂಲು ಎಳೆದುಕೊಂಡು ಬಾಲ್ಕನಿಗೆ ಹೋದರು. "ಕಿವಿ ಹತ್ತಿರ ಚುಚ್ತಿದೆ, ಒಂದು ಚೂರು ತೆಗಿ." ತೆಗೆಯುತ್ತಿದ್ದಾಗ, "ಆ ಹಾಸ್ಟೆಲ್ ಹುಡುಗಿ ಈಗ ಎಲ್ಲಿದ್ದಾಳೆ?" ಎಂದರು. ಮಗ ಹೇಳಿರಬೇಕು.

"ಗೊತ್ತಿಲ್ಲ ಅತ್ತೆ."

"ಚೆನ್ನಾಗಿದ್ಲಾ?"

"ಚೆನ್ನಾಗಿದ್ಲು."

"ನನ್ನ ಮಗನಿಗಿಂತಲೂ?"

ನಾನು ಯೋಚಿಸುತ್ತಾ ನಿಂತದ್ದು ಅವರಿಗೆ ನಗು ತರಿಸಿತು. ಭುಜ ನೋಯುತ್ತದೆ, ನಗಿಸಬೇಡ ಎಂದು ನನ್ನನ್ನೇ ಗದರಿದರು. ಅರ್ಥವಾಯಿತೇ ಎಂದು ನಾನು ಕೇಳಲಿಲ್ಲ, ಆಯಿತು ಎಂದು ಅವರೂ ಹೇಳಲಿಲ್ಲ. ಆದರೆ ಆಮೇಲೆ ಮೂರನೇ ಮನೆಯವರ ಹೊಸ ಸೊಸೆಯ ಬಗ್ಗೆ ಒಂದು ದೊಡ್ಡ ವರದಿ ಒಪ್ಪಿಸಿದರು. ಎಷ್ಟೋ ದಿನಗಳ ಬಾಕಿ ಅದು.

ಮಧ್ಯಾಹ್ನ ಫೋಟೊ. ಮುಂದಿನದನ್ನು ನಾನೇ ಕಿಟಕಿಯ ಬೆಳಕಿನಲ್ಲಿ ತೆಗೆದುಕೊಂಡೆ. ಹಿಂದಿನದನ್ನು ಇವರು ತೆಗೆದರು, ಏಳೆಂಟು ಸಲ, ಪಟ್ಟೆ ಕಾಣದ ಹಾಗೆ. ಕಾಣುವ ಹಾಗೆಯೇ ತೆಗೀರಿ ಎಂದೆ. ಅತ್ತೆ ದೂರದಿಂದಲೇ, "ನನ್ನ ಮುಖ ಎಲ್ಲೂ ಬರಬಾರದು. ಕೂದಲು ಬೇಕಾದ್ರೆ ಹಾಕ್ಕೊಳ್ಳಿ," ಎಂದು ಕೂಗಿದರು.

ಫೋಟೊ ಜೊತೆಗೆ ಹಾಕುವ ಮಾತನ್ನು ಗಟ್ಟಿಯಾಗಿ ಓದಿದೆ: ನಾನೇ ಕತ್ತರಿಸಿಕೊಂಡದ್ದು. ಹಿಂಭಾಗದ ಪಟ್ಟೆ ಗಂಡನ ಮರೆವು. ವಯಸ್ಸು ನಲವತ್ತನಾಲ್ಕು, ಬೈಸೆಕ್ಷುಯಲ್, ಸುತ್ತೋಲೆ ನನಗೂ ತಡವಾಗಿ ತಲುಪಿತು.

"ಮರೆವು ಅಂತ ಹಾಕ್ಲೇಬೇಕಾ?" ಅಂದರು ಇವರು. ಉಳಿದ ಯಾವ ಪದಕ್ಕೂ ತಕರಾರು ತೆಗೆಯಲಿಲ್ಲ.

ಆಮೇಲೆ ಪೇಪರ್ ಮಡಚಿಟ್ಟು, "ಯಾವತ್ತು ಹಾಕ್ತೀಯ?" ಎಂದು ಕೇಳಿದರು.

"ಇವತ್ತೇ ಹಾಕ್ಬೇಕು ಅಂತಿದ್ದೆ."

"ಒಂದು ವಾರ ಕೊಡು. ಅಣ್ಣನಿಗೆ ನಾನೇ ಹೋಗಿ ಹೇಳ್ತೀನಿ. ಅವನು ಮಕ್ಕಳ ಫೋನಿನಲ್ಲಿ ನೋಡಿ ತಿಳ್ಕೊಳ್ಳೋದು ಬೇಡ."

"ಏನಂತ ಹೇಳ್ತೀರಿ?"

"ಗೊತ್ತಿಲ್ಲ." ಮೇಜಿನ ಕೆಳಗೆ ಆ ಕಾಲು ಒತ್ತುತ್ತಿತ್ತೋ ಏನೋ, ನಾನು ಬಗ್ಗಿ ನೋಡಲಿಲ್ಲ. "ಅವನು ಕೂಗಾಡ್ತಾನೆ. ಕೂಗಾಡ್ಲಿ. ನಮ್ಮನೆ ವಿಷಯ ನಮ್ಮನೆಯವರ ಬಾಯಲ್ಲಿ ಕೇಳ್ಲಿ."

ಭಾವ ಕೂಗಾಡಿದರೆ ಇವರು ತಡೆದುಕೊಳ್ಳುತ್ತಾರೆಯೇ? ಅವರ ಮುಂದೆ ಇವರು ಎಂದೂ ದನಿ ಎತ್ತಿದವರಲ್ಲ. ಬಾಗಿಲ ತನಕ ಹೋಗಿ, ಟೀ ಕುಡಿದು, ಹವಾಮಾನ ಮಾತಾಡಿ ಹಿಂದಿರುಗಿ ಬಂದರೂ ಬರಬಹುದು. ಬಂದರೆ ನನಗೆ ಸಿಟ್ಟು ಬರಲಾರದು. ಒಂದು ವಾರ ಇವರಿಗೆ ಕೊಟ್ಟದ್ದು ಕೊಟ್ಟೆ. ಅದರಾಚೆಯ ದಿನ ನನ್ನದು. ಇದನ್ನು ಇವರಿಗೂ ಇದೇ ಮಾತಿನಲ್ಲಿ ಹೇಳಿದೆ. "ನೀವು ಹೇಳಿದ್ರೂ ಸರಿ, ಹೇಳದಿದ್ರೂ ಸರಿ. ಅವತ್ತು ಬೆಳಿಗ್ಗೆ ಟೀ ಕುಡಿದು ಹಾಕ್ತೀನಿ." ಅವರು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಕನ್ನಡಕ ಏರಿಸಿ, ಪಾಠದ ದಿನಗಳನ್ನು ಗುರುತು ಹಾಕುವ ಕೆಂಪು ಪೆನ್ನಿನಲ್ಲಿ ಒಂದು ಚೌಕಕ್ಕೆ ಸುತ್ತು ಹಾಕಿದರು.

ಏಪ್ರಿಲ್ ೧೩, ಭಾನುವಾರ.